ಜನವರಿ 12: ಸೊಲ್ಲಾಪುರದ ನಾಲ್ವರು

ನಮ್ಮ ಶಾಲೆಯ ಪರಿಪಾಠದಲ್ಲಿ ಪ್ರಾರ್ಥನೆ, ಪ್ರತಿಜ್ಞೆಗಳ ಬಳಿಕ ದಿನವಿಶೇಷವನ್ನು ಓದುವ ರೂಢಿಯಿದೆ. ಜನವರಿ 12ರಂದು ರಾಜಮಾತೆ ಜಿಜಾವು ಹಾಗೂ ಸ್ವಾಮಿ ವಿವೇಕಾನಂದರ ಜಯಂತಿಗಳು ಬರುತ್ತವೆ. ಎರಡೂ ಸ್ಮರಣೀಯವೇ. ಆದರೆ ಸೊಲ್ಲಾಪುರ ಸೀಮೆಯ ಕನ್ನಡ ಶಾಲೆಗೆ ಅದೇ ದಿನಕ್ಕೆ ಸೇರಿದ ಮೂರನೆಯ ಸಂಗತಿಯೊಂದುಂಟು. 1931ರ ಆ ದಿನ, ಸೋಮವಾರ, ಪುಣೆಯ ಯೆರವಡಾ ಕಾರಾಗೃಹದಲ್ಲಿ ಸೊಲ್ಲಾಪುರದ ನಾಲ್ವರನ್ನು ಗಲ್ಲಿಗೇರಿಸಲಾಯಿತು.

ಇದರ ಮೂಲವನ್ನು ಹಿಂದಿನ ವರ್ಷದ ಬೇಸಿಗೆಯಲ್ಲಿ ಹುಡುಕಬೇಕು. ಉಪ್ಪಿನ ಸತ್ಯಾಗ್ರಹದ ನಂತರ, 1930ರ ಮೇ 4ರ ನಡುರಾತ್ರಿ ದಾಂಡಿಯ ಸಮೀಪದ ಕರಾಡಿಯಲ್ಲಿ ಗಾಂಧೀಜಿಯವರ ಬಂಧನವಾಯಿತು. ಸೊಲ್ಲಾಪುರ ಆಗ ಗಿರಣಿಗಳ ಊರು. ಕನ್ನಡ, ಮರಾಠಿ, ತೆಲುಗು, ಉರ್ದು ಮಾತನಾಡುವ ಸಾವಿರಾರು ಕಾರ್ಮಿಕರು ಒಂದೇ ಭೋಂಗಾದ ಸದ್ದಿಗೆ ಎದ್ದು ದುಡಿಯಲು ಹೋಗುತ್ತಿದ್ದರು. ಸುದ್ದಿ ತಲುಪಿದೊಡನೆ ಹರತಾಳ, ಮೆರವಣಿಗೆಗಳು ಆರಂಭವಾದವು. ಮೇ 8, ಗುರುವಾರ, ರೂಪಾಭವಾನಿ ಗುಡಿಯ ಕಡೆ ಸೇಂದಿಯ ಈಚಲು ಮರಗಳನ್ನು ಕಡಿಯಲು ಜನ ಸೇರಿದರು. ಬಂಧನಗಳಾದವು, ಜನ ಕೆರಳಿದರು, ಪೊಲೀಸರು ಗುಂಡು ಹಾರಿಸಿದರು. ಶಂಕರ ಶಿವದಾರೆ ಎಂಬ ತರುಣ ಗುಂಡಿಗೆ ಬಲಿಯಾದನು. ಉದ್ರಿಕ್ತ ಜನಸಮೂಹ ಮಂಗಳವಾರ ಪೇಠೆಯ ಪೊಲೀಸ್ ಚೌಕಿಗೆ ನುಗ್ಗಿತು, ಪೊಲೀಸರ ಕೊಲೆಯಾಯಿತು, ನ್ಯಾಯಾಲಯದ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಈ ಭಾಗವನ್ನು ಮುಚ್ಚಿಟ್ಟು ಇತಿಹಾಸ ಹೇಳುವುದು ನಮಗೆ ಒಪ್ಪಿಗೆಯಲ್ಲ. ಅಂದು ಸತ್ತ ಪೊಲೀಸರೂ ಈ ನೆಲದವರೇ.

ಮುಂದಿನ ಮೂರು ದಿನ ನಗರದಲ್ಲಿ ಸರ್ಕಾರವೆಂಬುದೇ ಇರಲಿಲ್ಲ. ಪೊಲೀಸರು ಹಿಂದೆ ಸರಿದಿದ್ದರು. ಕಾಂಗ್ರೆಸ್ಸಿನ ಸ್ವಯಂಸೇವಕರು ವ್ಯವಸ್ಥೆ ನೋಡಿಕೊಂಡರು. ಸ್ವಾತಂತ್ರ್ಯ ಬರುವುದಕ್ಕೆ 17 ವರ್ಷ ಮೊದಲೇ ಅದರ ರುಚಿ ಕಂಡ ಊರಿದು ಎಂದು ಸೊಲ್ಲಾಪುರದವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವುದು ಆ ದಿನಗಳನ್ನು ಕುರಿತೇ. ಮೇ 12ರಂದು ಮಾರ್ಷಲ್ ಲಾ, ಅಂದರೆ ಲಷ್ಕರಿ ಆಡಳಿತ, ಜಾರಿಯಾಯಿತು. ಜೂನ್ 30ರವರೆಗೂ ಮುಂದುವರಿಯಿತು. ಗಾಂಧಿ ಟೋಪಿ ಧರಿಸುವುದು, ರಾಷ್ಟ್ರಧ್ವಜ ಹಿಡಿಯುವುದು ಶಿಕ್ಷಾರ್ಹ ಅಪರಾಧಗಳಾದವು.

ಪೊಲೀಸರ ಕೊಲೆಯ ಆರೋಪದಲ್ಲಿ ಮರಣದಂಡನೆಗೆ ಗುರಿಯಾದವರು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಮತ್ತು ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಆ ಕಾಲದ ಸೊಲ್ಲಾಪುರ ಕಣ್ಣೆದುರು ನಿಲ್ಲುತ್ತದೆ: ಒಬ್ಬರು ಲಿಂಗಾಯತರು, ಒಬ್ಬರು ಮಾರವಾಡಿಗಳು, ಒಬ್ಬರು ಮರಾಠರು, ಒಬ್ಬರು ಮುಸಲ್ಮಾನರು. ಕುರ್ಬಾನ್ ಹುಸೇನರಂತೂ ಇಪ್ಪತ್ತರ ಆಸುಪಾಸಿನ ತರುಣ. ಗಲಭೆಯ ದಿನ ಜನರನ್ನು ಸಮಾಧಾನಪಡಿಸಿ ಕಲೆಕ್ಟರ್ ನೈಟ್ ಅವರ ಪ್ರಾಣ ಉಳಿಸಿದವರೇ ಧನಶೆಟ್ಟಿ ಎಂದು ಇಲ್ಲಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಮನವಿಗಳಾವುವೂ ಫಲಿಸಲಿಲ್ಲ.

ಇಂದು ನಗರದ ಚೌಕದಲ್ಲಿ ನಾಲ್ವರ ಪ್ರತಿಮೆಗಳು ಒಟ್ಟಾಗಿ ನಿಂತಿವೆ. ಜನರ ಬಾಯಲ್ಲಿ ಅದು 'ಚಾರ್ ಪುತಳಾ'. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆಗೆಂದು ಮಕ್ಕಳು ನಗರಕ್ಕೆ ಹೋಗುವುದು ಹೇಗೂ ಅದೇ ವಾರದಲ್ಲಿ. ನಂದಿಧ್ವಜಗಳನ್ನು ನೋಡುವ ಸಂಭ್ರಮದ ನಡುವೆ ಒಂದು ಗಳಿಗೆ ಆ ಚೌಕದಲ್ಲಿ ನಿಲ್ಲಿಸಿ ಹೆಸರುಗಳನ್ನು ಓದಿಸಿರೆಂದು ಪಾಲಕರಲ್ಲಿ ನಮ್ಮ ವಿನಂತಿ. ಮೇ 8ನ್ನು ಶಾಲೆಯಲ್ಲಿ ಆಚರಿಸೋಣವೆಂದರೆ ಅದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ.

ದಿನಾಂಕಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದಾಗ ಮಾತ್ರ ಕಾಣುವ ಸಂಗತಿಯೊಂದಿದೆ. ಯಾರ ಬಂಧನದಿಂದ ಸೊಲ್ಲಾಪುರ ಹೊತ್ತಿ ಉರಿಯಿತೋ ಆ ಗಾಂಧೀಜಿಯವರೂ ಆಗ ಇದ್ದುದು ಯೆರವಡಾ ಕಾರಾಗೃಹದಲ್ಲಿಯೇ. ನಾಲ್ವರನ್ನು ಗಲ್ಲಿಗೇರಿಸಿದ ಹದಿನಾಲ್ಕು ದಿನಗಳಿಗೆ, ಜನವರಿ 26ರಂದು, ಅವರ ಬಿಡುಗಡೆಯಾಯಿತು. ಮಾರ್ಚ್ 5ರಂದು ಗಾಂಧಿ-ಇರ್ವಿನ್ ಒಪ್ಪಂದಕ್ಕೆ ಸಹಿ ಬಿದ್ದು ಸತ್ಯಾಗ್ರಹಿ ಕೈದಿಗಳು ಮನೆಗೆ ಮರಳಿದರು. ಈ ನಾಲ್ವರು ಅಂದಿಗೆ ಬದುಕಿದ್ದರೂ ಒಪ್ಪಂದದ ಬಲದಿಂದ ಹೊರಬರುತ್ತಿದ್ದರೆಂದು ಹೇಳಲಾಗದು. ಹಿಂಸೆಯ ಆರೋಪ ಹೊತ್ತವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಒಪ್ಪಂದವಾಗಿ ಮೂರು ವಾರ ತುಂಬುವ ಮೊದಲೇ, ಮಾರ್ಚ್ 23ರ ಸಂಜೆ, ಲಾಹೋರಿನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವರನ್ನು ಗಲ್ಲಿಗೇರಿಸಲಾಯಿತು.