ನೆಲಮಾಳಿಗೆಯ ಮೀಟರ್ ಫಲಕ, ಮೋಟರ್ ಹಾಗೂ ವಾಲ್ವ್‌ಗಳಿಗೆ ಮರೆ ನಿರ್ಮಿಸುವ ಬಗ್ಗೆ ಮಾಹಿತಿ

1. ಪೀಠಿಕೆ

ಕಟ್ಟಡಗಳ ನೆಲಮಾಳಿಗೆಯಲ್ಲಿ ವಿದ್ಯುತ್ ಮೀಟರ್ ಫಲಕ, ಮೇನ್ ಸ್ವಿಚ್, ಇನ್ವರ್ಟರ್ ಬ್ಯಾಟರಿ, ಸಂಪ್ ಮೋಟರ್, ನೀರಿನ ವಾಲ್ವ್ ಮುಂತಾದ ಸಾಧನಗಳನ್ನು ಅಳವಡಿಸುವುದು ವಾಡಿಕೆಯಲ್ಲಿದೆ. ಇವು ನೋಟಕ್ಕೆ ಅಂದವಾಗಿ ಕಾಣುವುದಿಲ್ಲವೆಂಬ ಕಾರಣಕ್ಕೆ ಮಾಲೀಕರು ಮರದ ಕಪಾಟು, ಗೋಡೆ ಅಥವಾ ಟೈಲ್ಸ್‌ನಿಂದ ಮುಚ್ಚಿಸುತ್ತಾರೆ. ಮರೆ ಮಾಡುವುದು ಆಕ್ಷೇಪಣೀಯವಲ್ಲ. ಆದರೆ ಬೆಂಕಿ, ನೆರೆ ಅಥವಾ ವಿದ್ಯುದಾಘಾತದ ಸಂದರ್ಭದಲ್ಲಿ ಸಾಧನವು ಕೂಡಲೇ ಕೈಗೆ ಸಿಗದಿದ್ದಲ್ಲಿ ಪ್ರಾಣಹಾನಿಗೆ ಆಸ್ಪದವಾಗುತ್ತದೆ. 2022ರ ಸೆಪ್ಟೆಂಬರ್ ತಿಂಗಳ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಅನೇಕ ಕಟ್ಟಡಗಳ ನೆಲಮಾಳಿಗೆಗಳಿಗೆ ನೀರು ನುಗ್ಗಿದುದನ್ನು ಸಾರ್ವಜನಿಕರು ಸ್ಮರಿಸಬಹುದು. ಹೊಸ ವಿದ್ಯುತ್ ಸಂಪರ್ಕ ಅಥವಾ ಹೆಚ್ಚುವರಿ ಹೊರೆಗಾಗಿ ಅರ್ಜಿ ಸಲ್ಲಿಸುವವರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

2. ಕಾನೂನಿನ ಅವಕಾಶ

ವಿದ್ಯುಚ್ಛಕ್ತಿ ಅಧಿನಿಯಮ, 2003ರ ಪ್ರಕರಣ 163ರ ಮೇರೆಗೆ ವಿದ್ಯುತ್ ಸರಬರಾಜು ಸಂಸ್ಥೆಯ ಸಿಬ್ಬಂದಿಯು ಗ್ರಾಹಕರಿಗೆ ತಿಳಿಸಿ, ಸೂಕ್ತ ವೇಳೆಯಲ್ಲಿ ಆವರಣವನ್ನು ಪ್ರವೇಶಿಸಿ ಮೀಟರ್ ಹಾಗೂ ತಂತಿಗಳನ್ನು ಪರಿಶೀಲಿಸಬಹುದು. ಪ್ರವೇಶವನ್ನು ನಿರಾಕರಿಸಿದಲ್ಲಿ ಅಥವಾ ಕೆಲಸಕ್ಕೆ ಸೂಕ್ತ ಅನುಕೂಲ ಒದಗಿಸದಿದ್ದಲ್ಲಿ, ಲಿಖಿತ ನೋಟೀಸು ನೀಡಿದ 24 ಗಂಟೆಗಳ ನಂತರ ಸರಬರಾಜನ್ನು ಕಡಿತಗೊಳಿಸಲು ಅವಕಾಶವಿದೆ. ಮೀಟರನ್ನು ತೆರೆಯಲಾಗದ ಕಪಾಟಿನಲ್ಲಿ ಇರಿಸುವುದು ಗ್ರಾಹಕರಿಗೇ ತೊಂದರೆ ತರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ಬಿಡಬೇಕಾದ ಅಂತರ

ಅ) ವಿದ್ಯುತ್ ಫಲಕದ ಮುಂಭಾಗದಲ್ಲಿ ಕನಿಷ್ಠ 1 ಮೀಟರ್ ಅಗಲದ ತೆರವಾದ ಜಾಗವಿರತಕ್ಕದ್ದು. ಈ ಜಾಗದಲ್ಲಿ ವಾಹನ ನಿಲ್ಲಿಸುವುದು, ಹಳೆಯ ಸಾಮಾನು ಪೇರಿಸುವುದು ನಿಷಿದ್ಧ.

ಆ) ಫಲಕದ ಹಿಂಬದಿಯಲ್ಲಿ ತೆರೆದ ಜೋಡಣೆಗಳಿದ್ದಲ್ಲಿ, ಹಿಂದಿನ ಅಂತರವು 20 ಸೆಂ.ಮೀ.ಗಿಂತ ಕಡಿಮೆ ಇಲ್ಲವೇ 75 ಸೆಂ.ಮೀ.ಗಿಂತ ಹೆಚ್ಚು ಇರತಕ್ಕದ್ದು. ಇವೆರಡರ ನಡುವಿನ ಅಳತೆಯ ಸಂದಿಗೆ ವ್ಯಕ್ತಿಯು ನುಸುಳಬಹುದು, ಆದರೆ ಅಪಾಯ ಬಂದಾಗ ಹಿಂದೆ ಸರಿಯಲು ಆಗುವುದಿಲ್ಲ.

ಇ) ಮರೆಯನ್ನು ಯೋಜಿಸುವಾಗ ಈ ಅಂತರವನ್ನು ಬಾಗಿಲು ಪೂರ್ಣ ತೆರೆದ ಸ್ಥಿತಿಯಲ್ಲಿ ಅಳೆಯುವುದು ಸೂಕ್ತ.

4. ಮರೆಯ ಸ್ವರೂಪ

ಅ) ಪ್ಲೈವುಡ್, ಥರ್ಮೋಕೋಲ್, ಬಟ್ಟೆಯ ಪರದೆ ಮುಂತಾದ ಬೇಗನೆ ಹೊತ್ತಿಕೊಳ್ಳುವ ವಸ್ತುಗಳನ್ನು ಬಳಸಬಾರದು. ಬಣ್ಣ ಬಳಿದ ಉಕ್ಕಿನ ಚೌಕಟ್ಟು, ಜಾಲರಿ ಅಥವಾ ಸಿಮೆಂಟ್ ಫೈಬರ್ ಹಲಗೆ ಸೂಕ್ತ. ಲೋಹದ ಚೌಕಟ್ಟಿಗೆ ಅರ್ಥಿಂಗ್ ಕಡ್ಡಾಯ.

ಆ) ಬಾಗಿಲುಗಳು ಹೊರಮುಖವಾಗಿ ತೆರೆಯುವಂತಿರಲಿ, ಇಲ್ಲವೇ ಉಪಕರಣದ ಸಹಾಯವಿಲ್ಲದೆ ಎತ್ತಿ ತೆಗೆಯುವಂತಿರಲಿ. ಮೊಳೆ ಹೊಡೆದು ಅಥವಾ ಅಂಟಿಸಿ ಮುಚ್ಚಬಾರದು.

ಇ) ಶಾಖ ಹೊರಹೋಗಲು ಕೆಳಗೂ ಮೇಲೂ ಗಾಳಿಕಿಂಡಿಗಳಿರತಕ್ಕದ್ದು.

ಈ) ಮೀಟರಿನ ಅಂಕಿಗಳು ಬಾಗಿಲು ತೆರೆಯದೆಯೇ ಕಾಣುವಂತೆ ಪಾರದರ್ಶಕ ಕಿಂಡಿ ಇಡುವುದು ಉತ್ತಮ. ಸ್ಮಾರ್ಟ್ ಮೀಟರನ್ನು ಸಂಪೂರ್ಣ ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿದರೆ ಅದರ ಸಂಕೇತವು ಕ್ಷೀಣಿಸಬಹುದು.

ಉ) ಬೀಗ ಅನಿವಾರ್ಯವಾದಲ್ಲಿ ಒಂದು ಕೀಲಿಯನ್ನು ಕಾವಲುಗಾರರ ಬಳಿ, ಮತ್ತೊಂದನ್ನು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಬಾಗಿಲಿನ ಪಕ್ಕದಲ್ಲಿಯೇ ಇರಿಸತಕ್ಕದ್ದು.

ಊ) ಬಾಗಿಲಿನ ಹೊರಭಾಗದಲ್ಲಿ ಕನ್ನಡದಲ್ಲಿಯೂ ಸೇರಿದಂತೆ ಅಪಾಯ ಸೂಚನೆಯ ಫಲಕವಿರತಕ್ಕದ್ದು. ಒಳಗಿನ ಫಲಕದ ಮೇಲಿನ ಸೂಚನೆಯು ಮರೆಯ ಹಿಂದೆ ಅಡಗಿದಲ್ಲಿ ಅದು ಇದ್ದೂ ಇಲ್ಲದಂತೆ.

5. ಇತರೆ ಸಾಧನಗಳು

ಬ್ಯಾಟರಿ: ಸೀಸ-ಆಮ್ಲದ ಬ್ಯಾಟರಿಯು ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ. ಇದು ಗಾಳಿಗಿಂತ ಹಗುರವಾದುದರಿಂದ ಕಪಾಟಿನ ಮೇಲ್ಭಾಗದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಮೇಲಿನ ಗಾಳಿಕಿಂಡಿಯನ್ನು ಎಂದಿಗೂ ಮುಚ್ಚಬಾರದು.

ಅಡುಗೆ ಅನಿಲ: ಇದು ಗಾಳಿಗಿಂತ ಭಾರವಾದ ಅನಿಲ. ಸೋರಿದಲ್ಲಿ ನೆಲಮಟ್ಟದಲ್ಲಿ ನಿಲ್ಲುತ್ತದೆ. ಮರೆಯ ಹಿಂದಾಗಲೀ ಹೊರಗಾಗಲೀ, ನೆಲಮಾಳಿಗೆಯಲ್ಲಿ ಸಿಲಿಂಡರ್ ಇರಿಸಲೇಬಾರದು.

ಸಂಪ್ ಮತ್ತು ವಾಲ್ವ್: ಸಂಪಿನ ಮುಚ್ಚಳದ ಮೇಲೆ ಟೈಲ್ಸ್ ಹಾಸಿ ಸಿಮೆಂಟ್ ತುಂಬಬಾರದು. ಟೈಲ್ಸ್ ಕೂರಿಸಿದ, ಹಿಡಿಕೆಯಿರುವ ಮುಚ್ಚಳ ಬಳಸಬಹುದು. ಪ್ರತಿ ವಾಲ್ವ್ ಯಾವ ಕೊಳವೆಗೆ ಸೇರಿದ್ದೆಂದು ತಗಡಿನ ಚೀಟಿ ಕಟ್ಟುವುದು ಒಳ್ಳೆಯದು. ಕೊಳವೆಗಳನ್ನು ಮುಚ್ಚುವ ಬದಲು ಗೋಡೆಯ ಬಣ್ಣವನ್ನೇ ಬಳಿದರೆ ಅವು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ, ವೆಚ್ಚವೂ ಕಡಿಮೆ.

ಅಗ್ನಿಶಾಮಕ ಸಾಧನಗಳು: ಬೆಂಕಿ ನಂದಿಸುವ ಪಂಪು, ಅದರ ಕೊಳವೆ ಹಾಗೂ ಅಗ್ನಿನಂದಕಗಳನ್ನು ಯಾವ ಕಾರಣಕ್ಕೂ ಮರೆ ಮಾಡಬಾರದು, ಕೆಂಪು ಬಣ್ಣವನ್ನು ಬದಲಿಸಬಾರದು.

6. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮರೆ ನಿರ್ಮಿಸಲು ಮೀಟರನ್ನು ಸ್ವಲ್ಪ ಪಕ್ಕಕ್ಕೆ ಸರಿಸಬಹುದೇ?
ಉತ್ತರ: ಸ್ವತಃ ಸರಿಸಬಾರದು. ಮೀಟರಿನ ಮೊಹರನ್ನು ಮುಟ್ಟಬಾರದು. ಸ್ಥಳಾಂತರಕ್ಕಾಗಿ ಸಂಬಂಧಪಟ್ಟ ಉಪವಿಭಾಗ ಕಛೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಒಳಗಿನ ತಂತಿ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

ಪ್ರಶ್ನೆ: ಈಗಾಗಲೇ ಗೋಡೆ ಕಟ್ಟಿ ಮುಚ್ಚಿಯಾಗಿದ್ದರೆ?
ಉತ್ತರ: ತೆರವುಗೊಳಿಸುವುದೇ ಕ್ಷೇಮ. ದುರಸ್ತಿಯ ದಿನ ಗೋಡೆ ಒಡೆಯುವ ಖರ್ಚಿಗಿಂತ ಈಗಲೇ ಬಾಗಿಲು ಇಡಿಸುವ ಖರ್ಚು ಮಿತವ್ಯಯಕರ.

ಪ್ರಶ್ನೆ: ವಸತಿ ಸಮುಚ್ಚಯದಲ್ಲಿ ಒಬ್ಬ ಮಾಲೀಕರೇ ನಿರ್ಧರಿಸಬಹುದೇ?
ಉತ್ತರ: ನೆಲಮಾಳಿಗೆಯ ಮೀಟರ್ ಕೊಠಡಿಯು ಸಾಮಾನ್ಯವಾಗಿ ಎಲ್ಲರ ಸಮಾನ ಬಳಕೆಯ ಜಾಗ. ನಿವಾಸಿಗಳ ಸಂಘದ ಒಪ್ಪಿಗೆ ಪಡೆಯತಕ್ಕದ್ದು.

7. ತುರ್ತು ಸಂದರ್ಭದಲ್ಲಿ

ನೆಲಮಾಳಿಗೆಯಲ್ಲಿ ನೀರು ನಿಂತಿದ್ದಲ್ಲಿ ಮೇನ್ ಸ್ವಿಚ್ ಆರಿಸಲು ನೀರಿಗೆ ಇಳಿಯಬಾರದು. 1912ಕ್ಕೆ ಕರೆ ಮಾಡಿ ಸರಬರಾಜು ನಿಲ್ಲಿಸುವಂತೆ ಕೋರಬೇಕು. ವಿದ್ಯುತ್ ಫಲಕಕ್ಕೆ ಬೆಂಕಿ ತಗುಲಿದಲ್ಲಿ ನೀರು ಎರಚದೆ, ಇಂಗಾಲದ ಡೈಆಕ್ಸೈಡ್ ಅಥವಾ ಒಣಪುಡಿಯ ಅಗ್ನಿನಂದಕ ಬಳಸಿ, 112ಕ್ಕೆ ಕರೆ ಮಾಡತಕ್ಕದ್ದು.

ಸೂಚನೆ: ಈ ಪುಟವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ ಹಾಗೂ ನಿಯಮಗಳ ಮೂಲ ಪಠ್ಯವೇ ಅಂತಿಮ. ಮರೆಯ ಕೆಲಸ ಆರಂಭಿಸುವ ಮೊದಲು ನಕ್ಷೆಯೊಂದಿಗೆ ಸಮೀಪದ ಉಪವಿಭಾಗ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.