ಮನೆತನದ ಚರಿತ್ರೆಯ ಆಕರಗಳು: ಗುರುಗುಂಟಾ ಪರಿಸರವನ್ನು ಅನುಲಕ್ಷಿಸಿ

ಅರಸು ಮನೆತನಗಳ ಚರಿತ್ರೆಗೆ ಶಾಸನ, ಕೈಫಿಯತ್ತು, ದಫ್ತರಗಳ ಆಧಾರ ದೊರೆಯುತ್ತದೆ. ಒಕ್ಕಲು ಮನೆತನವೊಂದರ ಹಿರಿಯರ ಜೀವನಚರಿತ್ರೆಯನ್ನಾಗಲಿ, ಆ ಮನೆಯಲ್ಲಿ ಹುಟ್ಟಿದವರು ತಮ್ಮ ಆತ್ಮಕಥನವನ್ನಾಗಲಿ ಬರೆಯಲು ಹೊರಟಾಗ ಇಂಥ ಅನುಕೂಲವಿರುವುದಿಲ್ಲ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ, ನಿಜಾಮರ ಅಧೀನದಲ್ಲಿ ನಾಯಕ ಮನೆತನವೊಂದು ಆಳಿದ ಚಿಕ್ಕ ಸಂಸ್ಥಾನದ ಕೇಂದ್ರವಾಗಿತ್ತು. ಈ ಪರಿಸರದಲ್ಲಿ ಮನೆತನದ ಚರಿತ್ರೆಗೆ ಒದಗುವ ಆಕರಗಳಾವುವು, ಅವುಗಳ ಮಿತಿಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಆಕರ ಹೆಳವರದು. ಉತ್ತರ ಕರ್ನಾಟಕದ ಈ ಅಲೆಮಾರಿ ಸಮುದಾಯದವರು ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಬಂದು, ಒಕ್ಕಲು ಮನೆಯ ಮುಂದೆ ಗಂಟೆ ಬಾರಿಸಿ ಆ ಮನೆಯ ತಲೆಮಾರುಗಳನ್ನು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಕಾಳು, ಬಟ್ಟೆಗಳ ಕಾಣಿಕೆ ಪಡೆಯುತ್ತಾರೆ. ನೆನಪಿನ ಜೊತೆಗೆ ತಾಮ್ರಪಟ, ಕಡತ, ವಹಿಗಳೂ ಅವರಲ್ಲಿ ಉಂಟು. ಮೂಲ ಊರು ಯಾವುದು, ಯಾವ ಕಾರಣಕ್ಕೆ ಅದನ್ನು ತೊರೆದರು, ಅಣ್ಣತಮ್ಮಂದಿರು ಎಲ್ಲಿ ಕವಲೊಡೆದರು ಎಂಬ ವಿವರಗಳು ಅಲ್ಲಿ ಸಿಗುತ್ತವೆ. ಆದರೆ ಹೆಳವರ ನಿರೂಪಣೆ ಮನೆತನದ ಹೊಗಳಿಕೆಯೂ ಹೌದು. ಅದು ಮುಖ್ಯವಾಗಿ ಗಂಡುಸಂತತಿಯನ್ನು ಅನುಸರಿಸಿ ಸಾಗುತ್ತದೆ ಎಂಬುದನ್ನು ಸಂಶೋಧಕರು ಮರೆಯಬಾರದು.

ಇಲ್ಲಿಯ ಹೆಸರಿಡುವ ಪದ್ಧತಿಯೂ ಒಂದು ತೊಡಕನ್ನು ಒಡ್ಡುತ್ತದೆ. ಗುರುಗುಂಟಾ ಅಮರೇಶ್ವರನ ಒಕ್ಕಲಲ್ಲಿ ಅಮರೇಶ, ಅಮರಪ್ಪ, ಅಮರಮ್ಮ ಎಂಬ ಹೆಸರುಗಳು ಮನೆಮನೆಯಲ್ಲೂ ಇವೆ. ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮರಳುತ್ತದೆ. ಹೀಗಾಗಿ ಇಬ್ಬರು ಅಮರಪ್ಪಂದಿರು ಕಥನದಲ್ಲಿ ಒಬ್ಬರಾಗುವ, ನಡುವಿನ ಐವತ್ತು ವರ್ಷ ಅಳಿಸಿಹೋಗುವ ಸಂಭವ ಹೆಚ್ಚು.

ಈ ತೊಡಕನ್ನು ಬಿಡಿಸಲು ಕಾಗದಪತ್ರಗಳು ಸ್ವಲ್ಪಮಟ್ಟಿಗೆ ನೆರವಾಗುತ್ತವೆ. ನಿಜಾಮ ಸರ್ಕಾರದ ಆಡಳಿತ ಭಾಷೆ 1880ರ ದಶಕದಲ್ಲಿ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ಆದ್ದರಿಂದ ಕನ್ನಡವನ್ನಷ್ಟೇ ಬಲ್ಲವರಿಗೆ ತಮ್ಮ ಮುತ್ತಜ್ಜನ ಜಮೀನಿನ ಕಾಗದವೂ ಮುಚ್ಚಿದ ಬಾಗಿಲೇ ಸರಿ. ಅವುಗಳಲ್ಲಿಯ ಕಾಲನಿರ್ದೇಶ ಫಸಲಿ ವರ್ಷದ್ದು. ಹೈದರಾಬಾದು ಸಂಸ್ಥಾನದಲ್ಲಿ ಈ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿದ್ದುದರಿಂದ ಆ ತಿಂಗಳಿಂದ ಡಿಸೆಂಬರಿನವರೆಗೆ 590ನ್ನೂ, ಜನವರಿಯಿಂದ 591ನ್ನೂ ಕೂಡಿಸಬೇಕು. 1949ರ ಆಗಸ್ಟಿನಲ್ಲಿ ಬಂದ ಜಾಗೀರು ರದ್ದತಿಯ ಕಾಯಿದೆ ದಾಖಲೆಗಳಲ್ಲಿ ಫಸಲಿ 1358ರದೆಂದು ಇರುವುದು ಇದೇ ಕಾರಣಕ್ಕೆ. ಲಿಂಗಸುಗೂರು 1905ರವರೆಗೆ ಪ್ರತ್ಯೇಕ ಜಿಲ್ಲೆಯಾಗಿತ್ತು ಎಂಬುದೂ ದಫ್ತರ ಹುಡುಕುವವರಿಗೆ ತಿಳಿದಿರಬೇಕಾದ ಸಂಗತಿ.

ಕಾಗದವಿಲ್ಲದ ಮನೆಗಳಲ್ಲಿ ಕಾಲವನ್ನು ಘಟನೆಗಳ ಮೂಲಕ ಗುರುತಿಸಬೇಕಾಗುತ್ತದೆ. ಧಾತು, ಈಶ್ವರ ಸಂವತ್ಸರಗಳ ಬರ (1876-78), ಹಟ್ಟಿ ಚಿನ್ನದ ಗಣಿ 1920ರಲ್ಲಿ ನಿಂತು 1947ರ ಬಳಿಕ ಮತ್ತೆ ನಡೆದುದು, ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಇಂಥ ಗುರುತುಗಳು. ಆದರೆ ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆಂಬ ಎಚ್ಚರ ಅಗತ್ಯ.

ಅಚ್ಚಾದ ಆತ್ಮಕಥನವೂ ವಿಮರ್ಶೆಗೆ ಹೊರತಲ್ಲ. ಕೃಷ್ಣೆಯ ಆಚೆಯ ಸುರಪುರ ಸಂಸ್ಥಾನವನ್ನು ಅದರ ಅರಸನ ಬಾಲ್ಯದಲ್ಲಿ ನೋಡಿಕೊಂಡ ಮೆಡೋಸ್ ಟೇಲರನ ಆತ್ಮಕಥೆ, ಅವನ ಮರಣಾನಂತರ 1877ರಲ್ಲಿ ಮಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. 1858ರಲ್ಲಿ ಸೆರೆಯಲ್ಲಿದ್ದಾಗ ಮೃತನಾದ ರಾಜಾ ವೆಂಕಟಪ್ಪ ನಾಯಕನನ್ನು ಆ ಕೃತಿ ವಾತ್ಸಲ್ಯದಿಂದಲೇ ನೋಡುತ್ತದೆಯಾದರೂ ಅದು ಆಡಳಿತಾಧಿಕಾರಿಯೊಬ್ಬನ ನೋಟ. ಅದನ್ನು ಅರಸನ ಮನೆತನದ ನೆನಪಿನೊಂದಿಗೆ ಇಟ್ಟು ಓದಿದಾಗಲೇ ಎರಡರ ಬೆಲೆಯೂ ತಿಳಿಯುತ್ತದೆ.

ಇವೆಲ್ಲಕ್ಕಿಂತ ಕಡಿಮೆ ಬಳಕೆಯಾಗಿರುವ ಆಕರವೆಂದರೆ ಹೆಣ್ಣುಮಕ್ಕಳ ನೆನಪು. ಅಮರಪ್ಪ ಯಾರೆಂದು ಹೆಸರು ಹೇಳಲಾರದು. ಅವನ ಹೆಂಡತಿ ಯಾವ ಊರಿಂದ ಬಂದಳೆಂಬುದು ಹೇಳುತ್ತದೆ. ಮುದುಗಲ್ಲಿನ ಸೊಸೆಯ ಗಂಡ ಬೇರೆ, ಮಸ್ಕಿಯ ಸೊಸೆಯ ಗಂಡ ಬೇರೆ. ಬೀಸುವ ಪದಗಳಲ್ಲಿ ತವರೂರು, ಒಡಹುಟ್ಟಿದವರು ಬರುತ್ತಾರೆ. ಸೋಬಾನೆಯಲ್ಲಿ ಬೀಗರ ಹೆಸರು ಬರುತ್ತದೆ. ವಂಶಾವಳಿಯಲ್ಲಿ ಹೆಣ್ಣಿಗೆ ಕಡಿಮೆ ಎಡೆಯಿದ್ದರೂ ಅದರ ಗಂಟು ಬಿಚ್ಚುವುದು ಅವಳಿಂದಲೇ ಎಂಬುದು ಗಮನಾರ್ಹ.

ಇಲ್ಲಿ ನೈತಿಕ ಪ್ರಶ್ನೆಯೊಂದು ಎದುರಾಗುತ್ತದೆ. ಬಸವಿ ಬಿಡುವ ಪದ್ಧತಿಯಿದ್ದ ಈ ಭಾಗದಲ್ಲಿ ಕೆಲವು ಮನೆಗಳ ಸಂತತಿ ತಾಯಿಯಿಂದ ಮುಂದುವರಿದಿದೆ. ಮಗಳು ತವರಿನಲ್ಲಿಯೇ ಉಳಿದು ಮಗನ ಸ್ಥಾನದಲ್ಲಿ ಮನೆ ನಡೆಸಿದ್ದಾಳೆ. 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯ ತರುವಾಯ ಇಂಥ ವಿವರವನ್ನು ಮುಚ್ಚಿಡುವ ಪ್ರವೃತ್ತಿ ಸಹಜ. ತಂದೆಯ ಹೆಸರೊಂದನ್ನು ಕಲ್ಪಿಸಿ ವಂಶವೃಕ್ಷ ಪೂರ್ಣಗೊಳಿಸಿದರೆ ಮನೆ ಉಳಿಸಿದ ಆ ಹೆಣ್ಣನ್ನು ಎರಡನೆಯ ಸಲ ಕಳೆದುಕೊಂಡಂತೆ. ಹೆಸರುಗಳನ್ನೆಲ್ಲ ಬಯಲಿಗಿಟ್ಟರೆ ಬದುಕಿರುವವರ ಮಾನಕ್ಕೆ ಧಕ್ಕೆ. ಮನೆಯವರ ಒಪ್ಪಿಗೆ ಪಡೆದು ಬರೆಯುವುದು, ಒಪ್ಪದಿದ್ದಲ್ಲಿ ಆ ಸ್ಥಳವನ್ನು ಖಾಲಿಯಾಗಿಯೇ ಉಳಿಸುವುದು ಸರಿಯಾದ ಕ್ರಮ.

ಒಟ್ಟಿನಲ್ಲಿ ಹೆಳವರ ವಹಿ, ದಫ್ತರದ ಕಾಗದ, ಹೆಣ್ಣುಮಕ್ಕಳ ಹಾಡು ಈ ಮೂರೂ ಬೇರೆ ಬೇರೆ ಉದ್ದೇಶಕ್ಕಾಗಿ ಹುಟ್ಟಿದವು: ಮೊದಲನೆಯದು ಗೌರವಕ್ಕೆ, ಎರಡನೆಯದು ಕಂದಾಯಕ್ಕೆ, ಮೂರನೆಯದು ನೋವು ನಲಿವಿನ ತೋಡಿಕೆಗೆ. ಅವುಗಳನ್ನು ಕಲಸಿ ಒಂದೇ ಕಥೆಯಾಗಿಸದೆ, ಭಿನ್ನತೆಗಳನ್ನು ಉಳಿಸಿಕೊಂಡು ಬರೆದ ಜೀವನಚರಿತ್ರೆಯೇ ನಂಬಿಕೆಗೆ ಅರ್ಹ. ವಹಿ ಮತ್ತೊಂದು ಸುಗ್ಗಿಗೆ ಕಾದೀತು. ಹಾಡುವವರ ವಯಸ್ಸು ಕಾಯುವುದಿಲ್ಲವಾದ್ದರಿಂದ ಕ್ಷೇತ್ರಕಾರ್ಯ ಮೊದಲು ಅಡುಗೆಮನೆಯಿಂದಲೇ ಆರಂಭವಾಗಬೇಕು.