‘ನಿಲ್’ ಇಸಿ ಮತ್ತು ಕನ್ನಡ ಪತ್ರ: ರಾಯದುರ್ಗ, ಮಡಕಶಿರಾ ಭಾಗದಲ್ಲಿ ಆಸ್ತಿ ದಾಖಲೆ ಓದುವವರ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ)

ನನ್ನ ವಿಷಯ ಕೇಳಿದ ಗೆಳೆಯರೊಬ್ಬರು, "ಇದು ಕಾನೂನು ಓದೋರ ವಿಷಯ ಅಲ್ವಾ, ಕನ್ನಡ ವಿಭಾಗಕ್ಕೂ ಇದಕ್ಕೂ ಏನು ಸಂಬಂಧ?" ಅಂದರು. ಸಂಬಂಧ ಇದೆ. ಅದನ್ನು ಹೇಳೋಕೆ ಒಂದು ಪತ್ರದಿಂದ ಶುರು ಮಾಡ್ತೀನಿ.

ನಮ್ಮ ಸೋದರಮಾವ ರಾಯದುರ್ಗದವರು. ಮೂವತ್ತು ವರ್ಷದಿಂದ ಅವರ ಕೆಲಸ ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೇ ದಾಖಲೆ ಹುಡುಕಿ, ಓದಿ, ಜಮೀನು ಯಾರಿಂದ ಯಾರಿಗೆ ಬಂತು ಅಂತ ಬರೆದುಕೊಡೋದು. ಈ ಕೆಲಸಕ್ಕೆ ನಮ್ಮ ಕಡೆ ಸರಿಯಾದ ಹೆಸರೇ ಇಲ್ಲ, "ಆಫೀಸಿನ ಹತ್ರ ಕೂರೋರು" ಅಂತೀವಿ ಅಷ್ಟೆ. ಕೆಲವು ವರ್ಷದ ಹಿಂದೆ ಡಿ. ಹಿರೇಹಾಳ್ ಕಡೆಯ ಒಂದು ಜಮೀನು ಮಾರಾಟಕ್ಕೆ ಬಂತು. ಕೊಳ್ಳುವವರು ಒಂದು ಕಂಪನಿಗೆ ದುಡ್ಡು ಕಟ್ಟಿ ಆನ್‌ಲೈನಿನಲ್ಲಿ ಹುಡುಕಿಸಿದ್ದರು. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ‘ನಿಲ್’ ಅಂತ ಬಂದಿತ್ತು. ಅವರ ವಕೀಲರಿಗೆ ಯಾಕೋ ಅನುಮಾನ. ಮಾವನನ್ನು ಕರೆದರು. ಮಾವ ಹಳೇ ಇಂಡೆಕ್ಸಿನಲ್ಲಿ ಸರ್ವೆ ನಂಬರ್ ಹಿಡಿದು ಹೋಗಿ 1964ರ ಒಂದು ಪಾಲುಪಟ್ಟಿ ತೆಗೆದರು. ಪತ್ರ ಪೂರ್ತಿ ಕನ್ನಡದಲ್ಲಿತ್ತು. ಅಣ್ಣತಮ್ಮಂದಿರ ಹಂಚಿಕೆ ಮುಗಿದ ಮೇಲೆ, ನಾಲ್ಕನೇ ಪುಟದ ಕೊನೆಯಲ್ಲಿ, ತೀರಿಹೋದ ಕಿರಿಯ ತಮ್ಮನ ಹೆಂಡತಿಗೆ ಜೀವನಾಂಶಕ್ಕಾಗಿ 2 ಎಕರೆ 10 ಸೆಂಟ್ಸ್ ಜಮೀನು ಮತ್ತು ಬಾವಿಯಲ್ಲಿ ನಾಲ್ಕಾಣೆ ಪಾಲು ಬಿಟ್ಟಿರುವುದಾಗಿ ಬರೆದಿತ್ತು.

ಆಗ ಆಕೆಗೆ ಹದಿನೆಂಟು ವರ್ಷ. ಈಗ ಎಂಬತ್ತರ ಅಜ್ಜಿ, ಮೊಳಕಾಲ್ಮೂರು ಕಡೆ ತವರಿನಲ್ಲಿ ಇದ್ದರು. ತುಳಸಮ್ಮ ಮತ್ತು ಶೇಷಾರೆಡ್ಡಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ ಕೊಟ್ಟ ತೀರ್ಪು ನಿಮಗೆ ಗೊತ್ತಿರಬಹುದು. ಅದೂ ಆಂಧ್ರದಿಂದಲೇ ಹೋದದ್ದು. ಜೀವನಾಂಶದ ಹಕ್ಕಿಗೆ ಬದಲಾಗಿ ಹೆಂಗಸಿಗೆ ಕೊಟ್ಟ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1)ನೇ ಕಲಮಿನ ಪ್ರಕಾರ ಅವಳ ಪೂರ್ಣ ಸ್ವತ್ತು ಆಗುತ್ತೆ ಅಂತ ಅದು ಹೇಳಿತು. ಅಂದರೆ ನಾಲ್ಕನೇ ಪುಟದ ಆ ಒಂದು ಸಾಲನ್ನು ಓದದೇ ಹೋಗಿದ್ದರೆ ಆ ಅಜ್ಜಿಯ ಜಮೀನು ಆಕೆಗೆ ಗೊತ್ತಿಲ್ಲದೇ ಮಾರಾಟ ಆಗ್ತಿತ್ತು. ಆ ಕೆಲಸಕ್ಕೆ ಮಾವನಿಗೆ ಸಿಕ್ಕಿದ್ದು 800 ರೂಪಾಯಿ.

ಕಂಪ್ಯೂಟರಿಗೆ ಇದು ಯಾಕೆ ಕಾಣಲಿಲ್ಲ? ಆಂಧ್ರದಲ್ಲಿ ಆನ್‌ಲೈನ್ ಇಸಿ ಸಿಗೋದು 1983ರ ಜನವರಿಯಿಂದ ಈಚೆಗೆ ಮಾತ್ರ. ಅದರ ಹಿಂದಿನದಕ್ಕೆ ಆಫೀಸಿಗೇ ಹೋಗಿ ಪುಸ್ತಕ ಹುಡುಕಬೇಕು. ಬ್ಯಾಂಕುಗಳು ಸಾಮಾನ್ಯವಾಗಿ 30 ವರ್ಷದ ಇಸಿ ನೋಡಿ ಸಾಕು ಅನ್ನೋದರಿಂದ ಅಲ್ಲಿಗೆ ಹೋಗೋರು ಕಡಿಮೆ. ಇನ್ನೊಂದು ವಿಷಯ. ಇಸಿ ಅನ್ನೋದು ಪತ್ರಗಳ ಪಟ್ಟಿ. ಕೊಟ್ಟವರು ಯಾರು, ಕೊಂಡವರು ಯಾರು, ಯಾವ ಸರ್ವೆ ನಂಬರ್ ಅಂತ ತೋರಿಸುತ್ತೆ, ಪತ್ರದ ಒಳಗಿನ ಷರತ್ತು ತೋರಿಸಲ್ಲ. ಮಾವ ಹೇಳೋದು ಹೀಗೆ: "ಕಂಪ್ಯೂಟ್ರು ಪತ್ರ ಐತೆ ಅಂತ ಹೇಳ್ತೈತೆ, ಪತ್ರದಾಗೆ ಏನೈತೆ ಅಂತ ಹೇಳಲ್ಲ."

ಇನ್ನು ಚರಿತ್ರೆಗೆ ಬರ್ತೀನಿ. 1800ರಲ್ಲಿ ನಿಜಾಮರಿಂದ ಕಂಪನಿ ಸರ್ಕಾರಕ್ಕೆ ಬಂದ ದತ್ತಮಂಡಲದಲ್ಲಿ ಥಾಮಸ್ ಮನ್ರೋ ರೈತವಾರಿ ಲೆಕ್ಕ ಕಟ್ಟಿದ್ದು ಹಳ್ಳಿಯ ಶಾನುಭೋಗರ ಕಡತಗಳನ್ನು ನಂಬಿಕೊಂಡೇ. ಕರ್ನಲ್ ಮೆಕೆಂಜಿಯ ಕೈಫಿಯತ್ತುಗಳಿಗೂ ಮೂಲ ಇಂಥವರ ಲೆಕ್ಕಗಳು, ನೆನಪುಗಳು. ಕೈಫಿಯತ್ತುಗಳನ್ನು ನಾವು ಸಾಹಿತ್ಯ ಚರಿತ್ರೆಯ ಆಕರ ಅಂತ ಓದ್ತೀವಿ, ಅದೇ ಮನೆತನದವರು ಬರೆದ ಜಮೀನು ಪತ್ರಗಳನ್ನು ಓದಲ್ಲ.

ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆ ಆದದ್ದು 1882ರಲ್ಲಿ. ರಾಯದುರ್ಗ ಮಾತ್ರ ಬಳ್ಳಾರಿ ಜಿಲ್ಲೆಯಲ್ಲೇ ಉಳಿದು, 1953ರ ಅಕ್ಟೋಬರ್ 1ರಂದು ಆದೋನಿ, ಆಲೂರಿನ ಜೊತೆ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಹಾಗಾಗಿ ರಾಯದುರ್ಗದ 1950ರ ಪತ್ರದ ತಲೆಯಲ್ಲಿ ಬಳ್ಳಾರಿ ಜಿಲ್ಲೆ ಅಂತ ಇರುತ್ತೆ. 1985ರಲ್ಲಿ ಮಂಡಲಗಳು ಬಂದ ಮೇಲೆ ತಾಲ್ಲೂಕಿನ ಹೆಸರಿನಿಂದ ಹುಡುಕೋದೂ ಕಷ್ಟ ಆಯ್ತು. ಕನ್ನಡ ಪತ್ರ ಆಂಧ್ರದ ಆಫೀಸಿನಲ್ಲಿ ನೋಂದಣಿ ಆಗಿದ್ದು ಹೇಗೆ ಅಂತ ಕೇಳಬಹುದು. 1908ರ ನೋಂದಣಿ ಕಾಯ್ದೆಯ 19ನೇ ಕಲಮು ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಷೆಯ ಪತ್ರಕ್ಕೆ ಅಡ್ಡಿ ಮಾಡಲ್ಲ. ಅದೇ ಕಾಯ್ದೆಯ 57ನೇ ಕಲಮು ಫೀ ಕಟ್ಟಿದ ಯಾರೇ ಆಗಲಿ ಒಂದನೇ ಪುಸ್ತಕವನ್ನೂ ಅದರ ಇಂಡೆಕ್ಸುಗಳನ್ನೂ ನೋಡಬಹುದು ಅನ್ನುತ್ತೆ. ನಮ್ಮ ಮಾವನಂಥವರ ಬದುಕು ನಿಂತಿದ್ದು ಈ 57ರ ಮೇಲೆ.

1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಗ್ರಾಮಾಧಿಕಾರಿಗಳ ಹುದ್ದೆ ತೆಗೆದುಹಾಕಿತು. ವಂಶಪಾರಂಪರ್ಯದ ಆ ಅಧಿಕಾರದಿಂದ ಜನ ಪಟ್ಟ ಪಾಡು ಸಣ್ಣದಲ್ಲ, ಅದು ಹೋಗಬೇಕಾದದ್ದೇ. ನಮ್ಮ ತಾತನೂ ಶಾನುಭೋಗಿಕೆ ಕಳಕೊಂಡವರು. ಆದರೆ ಓದೋ ವಿದ್ಯೆ ಹುದ್ದೆಯ ಜೊತೆ ಹೋಗಲಿಲ್ಲ. ತಾತ ಪತ್ರ ಬರೆಯೋಕೆ ಕೂತರು, ಮಾವ ಅವರ ಪಕ್ಕ ಕೂತು ಕೈಬರಹ ಕಲಿತರು. 1998ರ ನವೆಂಬರಿನಲ್ಲಿ ‘ಕಾರ್ಡ್’ ಯೋಜನೆ ಬಂದು ನೋಂದಣಿ ಕಂಪ್ಯೂಟರಿಗೆ ಹೋಯ್ತು. ದಿನಗಟ್ಟಲೆ ಕಾದು ಪಡೀತಿದ್ದ ಇಸಿ ನಿಮಿಷಗಳಲ್ಲಿ ಬಂತು. ಇದರಿಂದ ರೈತರಿಗೆ ಒಳ್ಳೇದಾಯ್ತು, ಮಾವನೂ ಒಪ್ತಾರೆ. ಹುಡುಕೋರಲ್ಲಿ ಸುಮ್ಮನೆ ಓಡಾಡಿಸಿ ದುಡ್ಡು ಕೀಳೋರೂ ಇದ್ದರು.

ಓದುವವರು ಬೇಡವಾಗಿಲ್ಲ ಅನ್ನೋದಕ್ಕೆ ಚುಕ್ಕೆ ಜಮೀನು ಒಳ್ಳೆಯ ಉದಾಹರಣೆ. ಬ್ರಿಟಿಷರ ಕಾಲದ ರೀಸೆಟ್ಲ್‌ಮೆಂಟ್ ರಿಜಿಸ್ಟರಿನಲ್ಲಿ ಪಟ್ಟೇದಾರರ ಹೆಸರಿರಬೇಕಾದ ಕಡೆ ಚುಕ್ಕೆಗಳನ್ನು ಇಟ್ಟು ಬಿಟ್ಟಿದ್ದಾರೆ. ಆ ಚುಕ್ಕೆಗಳ ಅರ್ಥ ತೀರ್ಮಾನಿಸೋಕೆ ಆಂಧ್ರ ಸರ್ಕಾರ 2017ರಲ್ಲಿ ಒಂದು ಕಾಯ್ದೆಯನ್ನೇ ತಂದಿತು. ಗ್ರಂಥಸಂಪಾದನೆಯಲ್ಲಿ ನಾವು ತ್ರುಟಿತ ಪಾಠ ಅಂತೀವಲ್ಲ, ಅದರ ಮೇಲೆ ಇಲ್ಲಿ ರೈತರ ಹೊಲ ನಿಂತಿದೆ.

ಆಮೇಲೆ 2022ರ ಭೂ ಹಕ್ಕು ಕಾಯ್ದೆ ಬಂತು. ನಮ್ಮಲ್ಲಿ ನೋಂದಣಿ ಆಗೋದು ಪತ್ರ, ಹಕ್ಕಲ್ಲ. ಆ ಹಕ್ಕನ್ನು ಸರ್ಕಾರವೇ ಖಾತರಿ ಮಾಡಬೇಕು ಅನ್ನೋದು 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಜಾರಿಯಾದ ಟಾರೆನ್ಸ್ ಪದ್ಧತಿಯ ವಿಚಾರ. ಅಂಥ ದಾಖಲೆ ಒಮ್ಮೆ ಅಂತಿಮ ಆಯ್ತು ಅಂದರೆ ಹಳೇ ಪಾಲುಪಟ್ಟಿ ಹುಡುಕೋ ಅಗತ್ಯವೇ ಇರಲ್ಲ. ವಕೀಲರ ಹೋರಾಟ, ಚುನಾವಣೆ ಆದ ಮೇಲೆ ಆ ಕಾಯ್ದೆ 2024ರಲ್ಲಿ ರದ್ದಾಯಿತು. ಆದರೆ ಕೆಲಸ ಅಷ್ಟರಲ್ಲಿ ಬೇರೆ ದಾರಿಯಲ್ಲಿ ಕೈಬಿಟ್ಟು ಹೋಗಿತ್ತು.

ಅದನ್ನು ಮಡಕಶಿರಾದಲ್ಲಿ ನೋಡಿದೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಕಡೆ ಮನೆಮಾತು ಹೆಚ್ಚಾಗಿ ಕನ್ನಡ. ಪಕ್ಕದ ಪೆನುಕೊಂಡಕ್ಕೆ ಕಿಯಾ ಕಾರ್ಖಾನೆ ಬಂದ ಮೇಲೆ ಹೊರಗಿನಿಂದ ಜಮೀನು ಕೇಳೋರು ಹೆಚ್ಚಾದರು. ಹಾಗಾದರೆ ಹುಡುಕೋರಿಗೂ ಕೆಲಸ ಹೆಚ್ಚಿರಬೇಕು ಅಂದುಕೊಂಡು ಹೋದೆ. ಅಲ್ಲಿ ಸಿಕ್ಕ ಹಿರಿಯರೊಬ್ಬರು ನಕ್ಕುಬಿಟ್ಟರು. ಹುಡುಕೋ ಗುತ್ತಿಗೆ ನಗರದ ಕಂಪನಿಗಳಿಗೆ ಹೋಗಿದೆ. ಇವರಿಗೆ ವಾಟ್ಸಾಪಿನಲ್ಲಿ ಹಳೇ ಪತ್ರದ ಫೋಟೋ ಬರುತ್ತೆ, ಓದಿ ಹೇಳಿದರೆ ಪುಟಕ್ಕೆ ಇಷ್ಟು ಅಂತ ದುಡ್ಡು. "ಒಂದೇ ಪುಟ ಕಳಿಸ್ತಾರೆ ಕಣಪ್ಪ. ಹಿಂದಿನ ಪುಟ ಇಲ್ಲ, ಮುಂದಿನ ಪುಟ ಇಲ್ಲ. ಯಾರ ಹೊಲ ಅಂತ ತಿಳ್ಕೊಂಡು ಹೇಳಲಿ?" ಅಂದರು.

ಅಮೆರಿಕದ ಕೌಂಟಿ ಕಚೇರಿಗಳಲ್ಲಿ ಇದೇ ಕೆಲಸ ಮಾಡುತ್ತಿದ್ದವರ ಪಾಲಿನ ಕೆಲಸ ಎರಡು ದಶಕದಿಂದ ಭಾರತದ ಆಫೀಸುಗಳಿಗೆ ಬರ್ತಿದೆ. ಅಲ್ಲಿ ತಪ್ಪಾದರೆ ಹಕ್ಕಿನ ವಿಮೆ ಇದೆ, 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದದ್ದು. ನಮ್ಮ ಅಜ್ಜಿಯಂಥವರಿಗೆ ಅಂಥ ವಿಮೆ ಇರಲಿಲ್ಲ. ಇದ್ದದ್ದು ಆ ಕೈಬರಹ ಓದಬಲ್ಲ ಒಬ್ಬ ಮನುಷ್ಯ.

ಕಂಪ್ಯೂಟರ್ ಬೇಡ ಅನ್ನೋದು ನನ್ನ ವಾದ ಅಲ್ಲ. ಹಳೇ ಪುಸ್ತಕಗಳ ಸ್ಕ್ಯಾನ್ ಬೇಗ ಆಗಲಿ. ಆದರೆ ಇದುವರೆಗಿನ ಪ್ರತಿ ಸುಧಾರಣೆಯ ಆಚೆಗೂ ಓದೋರು ಬೇರೆ ರೂಪದಲ್ಲಿ ಉಳಿದರು, ಯಾಕಂದರೆ ವಿದ್ಯೆ ಮನೆಯಲ್ಲಿ ದಾಟಿ ಬರ್ತಿತ್ತು. ಈಗ ಅದು ನಿಲ್ತಿದೆ. ಮಾವನ ಮಗ ಬಳ್ಳಾರಿಯಲ್ಲಿ ಜೀನ್ಸ್ ವ್ಯಾಪಾರಕ್ಕೆ ಇಳಿದಿದ್ದಾನೆ, ಅವನದ್ದು ತಪ್ಪಲ್ಲ. ಆಫೀಸಿಗೆ ಬರೋ ಹೊಸ ನೌಕರರು ತೆಲುಗು ಓದಿದವರು. ಅಕ್ಷರಗಳು ಒಂದೇ ಥರ ಕಂಡರೂ ಕೂಡುಬರಹದ ಕನ್ನಡ ಪತ್ರ ಅವರಿಗೆ ಬಿಡಿಸೋಕೆ ಬರಲ್ಲ. ನಮ್ಮ ಎಂ.ಎ. ತರಗತಿಯಲ್ಲಿ ತಾಳೆಗರಿ ಓದಿಸ್ತಾರೆ, 1930ರ ಕ್ರಯಪತ್ರ ಓದಿಸಲ್ಲ. ಹಸ್ತಪ್ರತಿಶಾಸ್ತ್ರದ ಪತ್ರಿಕೆಯಲ್ಲಿ ಒಂದು ಘಟಕ ಇದಕ್ಕೆ ಕೊಡಬೇಕು, ಪಾಠ ಮಾಡೋಕೆ ಆಫೀಸಿನ ಹತ್ರ ಕೂರೋರನ್ನೇ ಗೌರವಧನ ಕೊಟ್ಟು ಕರೀಬೇಕು ಅನ್ನೋದು ನನ್ನ ಕೋರಿಕೆ.

ಕಳೆದ ರಜೆಯಲ್ಲಿ ಮಾವ ನನಗೆ ಹನ್ನೆರಡು ಪತ್ರ ಓದಿಸಿದರು. ತಪ್ಪಿಲ್ಲದೇ ಓದಿದ್ದು ಐದು. ಒಂದರಲ್ಲಿ ಬಾವಿಯ ಪಾಲನ್ನೇ ಬಿಟ್ಟು ಓದಿದ್ದೆ. ಮಾವ ಬೈಲಿಲ್ಲ, ಪತ್ರ ತಿರುಗಿಸಿ ಕೊಟ್ಟು "ಇನ್ನೊಂದ್ಸಲ ಓದು" ಅಂದರು.